ಮೀರಜ್ ಸ್ಟೇಷನ್ನಿನಲ್ಲಿ ನಮ್ಮತ್ತೆ

ಮಕ್ಕಳಿಗೆ ಬೇಸಿಗೆ ರಜೆ ಬಂತೆಂದರೆ ನಮ್ಮ ಪಡಸಾಲೆ ಕೋರ್ಟು ಕಚೇರಿಯಾಗುತ್ತದೆ. ಹಾವು-ಏಣಿ ಆಟದ ರಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಆಡುವ ಕ್ರಮವನ್ನು ಅಚ್ಚು ಹಾಕಿರುತ್ತಾರಲ್ಲ, ಮೊನ್ನೆ ನನ್ನ ಮಗಳು ಆ ರಟ್ಟನ್ನು ಎದೆಗವಚಿಕೊಂಡು ತಮ್ಮನ ಮೇಲೆ ಕೂಗುತ್ತಿದ್ದಳು. “ಒಂದು ಬಿದ್ರೇನೆ ಕಾಯಿ ಇಳಿಸ್ಬೇಕು. ಬರ್ದೈತೆ ಇಲ್ಲಿ, ನೋಡು!” ಅವನು ಇನ್ನೂ ಅಕ್ಷರ ಕಲಿಯುತ್ತಿರುವವನು. ಬರೆದದ್ದರ ಎದುರು ವಾದ ನಡೆಯುವುದಿಲ್ಲವೆಂದು ಗೊತ್ತಾಗಿ, ಆ ಸಾಲು ಇದ್ದ ಮೂಲೆಯನ್ನೇ ಕಚ್ಚಿ ಹರಿದು ಬಾಯಿಗೆ ಹಾಕಿಕೊಂಡ. “ಈಗ ಎಲ್ಲೈತೆ ತೋರ್ಸು” ಅಂದ.

ಬೈಯಬೇಕಾದ ನಾನು ಒಲೆಯ ಮುಂದೆ ನಿಂತು ನಕ್ಕೆ. ಒಗ್ಗರಣೆ ಸೀದುಹೋಯಿತು. ರಟ್ಟು ತಿಂದವನಿಗೆ ಹೊಟ್ಟೆನೋವು ಬರಲಿಲ್ಲ, ಅದು ದೇವರ ದಯೆ. ಆದರೆ ಅಂದು ಇಡೀ ದಿನ ನನಗೆ ನಮ್ಮತ್ತೆಯದೇ ನೆನಪು. ಬರೆದಿಟ್ಟ ಒಂದು ಸಾಲು ಮನುಷ್ಯರನ್ನು ಎಲ್ಲಿ ಕೂರಿಸಬಲ್ಲದು ಎಂದು ನನಗೆ ತೋರಿಸಿಕೊಟ್ಟವರು ಅವರು. ಅವರನ್ನು ಅದು ಕೂರಿಸಿದ್ದು ಮೀರಜ್ ಸ್ಟೇಷನ್ನಿನಲ್ಲಿ. ಹಾಗೆಂದು ಅವರು ತಮ್ಮ ಜನ್ಮದಲ್ಲಿ ಮೀರಜ್ ನೋಡಿದವರಲ್ಲ.

ಇದು ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾನು ದಾವಣಗೆರೆಯ ಈ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ನಮ್ಮ ಮನೆಯವರು ಮಿಲ್ಲಿನಲ್ಲಿ ಗುಮಾಸ್ತರು. ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅತ್ತೆ ಹಾಲವ್ವ ಮನೆಯ ಯಜಮಾನತಿ. ಉಗ್ರಾಣದ ಕೀಲಿ ಅವರ ಸೊಂಟದಲ್ಲಿರುತ್ತಿತ್ತು. ಒಂದು ಹಿಡಿ ಕಡಲೆಬೇಳೆ ಬೇಕಾದರೂ ನಾನು ಕೇಳಬೇಕು, ಅವರು ಎದ್ದು ಬರಬೇಕು. ಕೆಟ್ಟವರಲ್ಲ, ಖಂಡಿತ ಅಲ್ಲ. ಎರಡೂ ಹೊತ್ತು ಲಿಂಗಪೂಜೆ ಮಾಡುವವರು, ಸುಳ್ಳಾಡದವರು. ಆದರೆ ಅವರು ಇರುವ ಮನೆಯಲ್ಲಿ ಸಾರಿಗೆ ಉಪ್ಪು ಹಾಕುವಾಗಲೂ ನನ್ನ ಕೈ ಒಂದು ಸಲ ಹಿಂದಕ್ಕೆ ಬರುತ್ತಿತ್ತು.

ಮಧ್ಯಾಹ್ನ ಊಟ ಮುಗಿದ ಮೇಲೆ ಜಗಲಿಯ ಮೇಲೆ ನಾಲ್ಕು ಜನ ಸೇರುತ್ತಿದ್ದೆವು. ಅತ್ತೆ, ನಾನು, ಪಕ್ಕದ ಮನೆಯ ಮೇಷ್ಟರ ಹೆಂಡತಿ ಶಾಂತಕ್ಕ, ಎದುರು ಮನೆಯ ಜುಬೇದಕ್ಕ. ಜುಬೇದಕ್ಕನ ಗಂಡ ಪಾತ್ರೆಗಳಿಗೆ ಕಲಾಯಿ ಹಾಕುವವರು. ನಮ್ಮ ಓಣಿಯ ಹಿತ್ತಾಳೆ ಪಾತ್ರೆಗಳೆಲ್ಲ ಅವರ ಕೈಯಲ್ಲೇ ಬೆಳ್ಳಗಾದವು. ಆರು ಕವಡೆ ಇಟ್ಟುಕೊಂಡು ಚೌಕಾಬಾರದ ಥರದ ಆಟ ಆಡಿ ಆಡಿ ಬೇಜಾರಾಗಿತ್ತು. ಒಂದು ದಿನ ಅತ್ತೆ ಮನೆಯನ್ನೊಮ್ಮೆ ಸುತ್ತ ನೋಡಿ, “ಈ ಮನಿಯಿಂದ ಆ ಮನಿಗೆ ಕಾಯಿ ನಡೆಸಿ ಏನು ಬಂತು? ಅದರ ಬದಲು ಕಾಶಿಗಾದ್ರೂ ನಡೆಸಿದ್ರೆ ಪುಣ್ಯ ಬರ್ತಿತ್ತು” ಅಂದರು.

ಮಾತು ಅಲ್ಲಿಂದ ಹುಟ್ಟಿತು. ನಮ್ಮ ಮನೆಯವರ ಹತ್ತಿರ ಹಳೆಯ ರೈಲ್ವೆ ವೇಳಾಪಟ್ಟಿಯೊಂದಿತ್ತು. ಅದನ್ನು ನೋಡಿಕೊಂಡು ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ದಾವಣಗೆರೆಯಿಂದ ಕಾಶಿಯವರೆಗೆ ಊರುಗಳ ಮನೆ ಬರೆದೆ. ಹರಿಹರ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ, ಮೀರಜ್, ಪುಣೆ, ನಡುವಿನ ಸಣ್ಣಪುಟ್ಟ ಸ್ಟೇಷನ್ನುಗಳನ್ನೂ ಬಿಡದೆ, ಪ್ರಯಾಗ ದಾಟುವವರೆಗೆ. ಕವಡೆ ಬಿದ್ದಷ್ಟು ಮನೆ ಮುಂದೆ. ಬರೀ ಕಾಯಿ ನಡೆಸಿದರೆ ಸಪ್ಪೆಯೆಂದು ಒಬ್ಬೊಬ್ಬರು ಒಂದೊಂದು ವೇಷ ಹಿಡಿಯಬೇಕೆಂದಾಯಿತು. ವೇಷ ಬಾಯಿಮಾತಿನಲ್ಲಷ್ಟೇ. ಶಾಂತಕ್ಕ ಏಳು ಪೆಟ್ಟಿಗೆ ಸಾಮಾನಿರುವ ಸಾಹುಕಾರರ ಸೊಸೆಯಾದಳು. ನಾನು ಪುರಾಣ ಹೇಳುವ ಶಾಸ್ತ್ರಿಯಾದೆ.

“ನನಗೆ ಕಾಶಿ ಬ್ಯಾಡ್ರಿ ಅಮ್ಮಾ” ಅಂದರು ಜುಬೇದಕ್ಕ. “ಟಿಕೀಟ್ ನೋಡೋ ಕೆಲಸ ಕೊಡ್ರಿ. ಕೋಟು ಹಾಕ್ಕೊಂಡು ಎಲ್ಲರನ್ನೂ ಒಂದ್ಸಲ ಗದರ್‍ಸಬೇಕು ಅಂತ ಭಾಳ ದಿನದಿಂದ ಆಸೆ.” ಅವರು ಟೀಸಿಯಾದರು. ಗಂಡನ ಹಳೇ ಕೋಟೊಂದನ್ನು ಹಾಕಿಕೊಂಡೇ ಬರತೊಡಗಿದರು.

ಅತ್ತೆ ಮಾತ್ರ ವೇಷಕ್ಕೆ ಒಪ್ಪಲಿಲ್ಲ. “ನಾನ್ಯಾಕ ಬೇರೆಯವಳಾಗ್ಲಿ? ಹೋಗೋಳು ನಾನು, ಪುಣ್ಯ ಇನ್ನೊಬ್ಬಳಿಗೆ ಯಾಕ ಹೋಗ್ಬೇಕು? ನಾನು ಹಾಲವ್ವನೇ.”

ಮೊದಲ ವಾರವೇ ಜಗಳ ಶುರುವಾಯಿತು. ಶಾಂತಕ್ಕನಿಗೆ ಬೇಕಾದಾಗ ಒಂದು ಪದ್ಧತಿ, ಬೇಡವಾದಾಗ ಇನ್ನೊಂದು. ಕೇಳಿದರೆ “ನಮ್ಮ ತೌರುಮನಿಯಾಗೆ ಹಿಂಗೇ ಆಡೋದು” ಅನ್ನುವಳು. ಅವಳ ತೌರುಮನೆಗೂ ಕಾಶಿ ಆಟಕ್ಕೂ ಏನು ಸಂಬಂಧ? ಆಟ ಹುಟ್ಟಿದ್ದೇ ನಮ್ಮ ಜಗಲಿಯಲ್ಲಿ. ಅತ್ತೆಗೆ ರೇಗಿತು. “ಗಿರಿಜಾ, ಬರಿ. ಬರೆದಿಟ್ರೆ ನಾಲಿಗೆ ಹೊರಳಾಡಲ್ಲ.”

ಏಳನೇ ತರಗತಿ ಪಾಸಾಗಿದ್ದ ನಾನು ಇನ್ನೂರು ಪುಟದ ನೋಟುಬುಕ್ಕು ತೆರೆದು ಮೇಲೆ ‘ಶ್ರೀ’ ಬರೆದು ಕೂತೆ. ಆಹಾ, ಬರೆಯುವ ಸುಖ ನನಗೆ ಅಂದೇ ತಿಳಿದದ್ದು. ಮನೆಯಲ್ಲಿ ನನ್ನ ಮಾತಿನಂತೆ ಏನೂ ನಡೆಯದು, ಇಲ್ಲಿ ‘ತಕ್ಕದ್ದು’ ಎಂದು ಬರೆದರೆ ನಡೆಯತಕ್ಕದ್ದು. ದಿನಕ್ಕೆ ಒಬ್ಬರು ಮೂರೇ ಸಲ ಕವಡೆ ಬಿಡತಕ್ಕದ್ದು. ಒಲೆಯ ಮೇಲೆ ಹಾಲು ಉಕ್ಕಿ ಯಾರಾದರೂ ಎದ್ದು ಓಡಿದರೆ ಅದನ್ನು ಸರಪಳಿ ಎಳೆದಂತೆ ಎಣಿಸಿ ಒಂದು ಊರು ಹಿಂದೆ ಕಳಿಸತಕ್ಕದ್ದು. ಗಂಡ ಕರೆದರೆಂದು ಎದ್ದವರೂ ಒಂದು ಊರು ಹಿಂದೆ. ಮೂರು ಸಲ ಕರೆದಿದ್ದರೆ ಮಾಫಿ. ಸುರಂಗದಲ್ಲಿ ಯಾರೂ ಅತ್ತೆಯಂದಿರ ವಿಷಯ ಮಾತಾಡಬಾರದು. ಈ ಕೊನೆಯದನ್ನು ಬರೆಸಿದ್ದು ಅತ್ತೆ.

ಒಂಬತ್ತನೆಯದನ್ನೂ ಅವರೇ ಬರೆಸಿದರು. ‘ಕಾಶಿ ಮುಟ್ಟದೆ ಯಾರೂ ಊರಿಗೆ ಹಿಂದಿರುಗಬಾರದು.’ ಅರ್ಧಕ್ಕೇ ಆಟ ಬಿಟ್ಟು ಹೋಗುವ ಶಾಂತಕ್ಕನ ಸಲುವಾಗಿ.

ಮೂವತ್ತೆಂಟನೆಯದು ನನ್ನ ಸ್ವಂತದ್ದು. ನಮ್ಮಣ್ಣ ಒಮ್ಮೆ ಪುಣೆಗೆ ಹೋಗಿಬಂದು, ನಮ್ಮ ಕಡೆಯ ಸಣ್ಣ ಗಾಡಿ ಮೀರಜ್‌ನಲ್ಲಿ ಮುಗಿದುಹೋಗುತ್ತದೆ, ಅಲ್ಲಿಂದ ದೊಡ್ಡ ಗಾಡಿ ಹಿಡಿಯುವಷ್ಟರಲ್ಲಿ ಹೆಣ ಬೀಳುತ್ತದೆ ಎಂದು ಹೇಳಿದ್ದ. ಶಾಂತಕ್ಕನ ಕಾಯಿ ಎಲ್ಲರಿಗಿಂತ ಮುಂದೆ ಓಡುತ್ತಿತ್ತು. ನಾನು, ಪುರಾಣ ಹೇಳುವ ಶಾಸ್ತ್ರಿ, ಹಾಲು ಉಕ್ಕಿಸಿಕೊಂಡು ಹಾವೇರಿಯಲ್ಲೇ ಬಿದ್ದಿದ್ದೆ. ಹೊಟ್ಟೆಕಿಚ್ಚು ತಡೆಯದೆ ಬರೆದೆ: ‘ಮೀರಜ್‌ನಲ್ಲಿ ಎಲ್ಲರೂ ಇಳಿಯತಕ್ಕದ್ದು. ಹನ್ನೆರಡು ಬಿದ್ದರೆ ಮಾತ್ರ ಮುಂದಿನ ಗಾಡಿ.’ ಆರೂ ಕವಡೆ ಕವುಚಿ ಬಿದ್ದರೆ ಹನ್ನೆರಡು. ನೀವು ಒಮ್ಮೆ ಮನೆಯಲ್ಲಿ ಕೂತು ಬಿಟ್ಟು ನೋಡಿ, ಎಷ್ಟು ಸಲಕ್ಕೆ ಬೀಳುತ್ತದೆಂದು ಗೊತ್ತಾಗುತ್ತದೆ.

ಹೀಗೆ ನಲವತ್ತೊಂದು ರೂಲುಗಳಾದವು. ಅಷ್ಟರಲ್ಲಿ ಮಹಾನವಮಿ ಬಂತು. ಆಯುಧಪೂಜೆಗೆ ಇಳಿಗೆಮಣೆ, ಒನಕೆ, ಮನೆಯವರ ಸೈಕಲ್ಲು, ಮಗ್ಗಿ ಪುಸ್ತಕ ಎಲ್ಲ ಇಟ್ಟಾಗ ಅತ್ತೆ ಈ ನೋಟುಬುಕ್ಕನ್ನೂ ಇಟ್ಟು ವಿಭೂತಿ, ಕುಂಕುಮ ಹಚ್ಚಿದರು. ನಾವೆಲ್ಲ ಕೈಮುಗಿದೆವು. ಆಗ ಹೊಳೆಯಲಿಲ್ಲ ನೋಡಿ. ಪೂಜೆಯಾದ ಪುಸ್ತಕದಲ್ಲಿ ಒಂದಕ್ಷರ ಹೊಡೆದು ಹಾಕುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಅಂದಿನಿಂದ ಅದು ಗೋಡೆಯೊಳಗಿನ ದೇವರ ಮಾಡದಲ್ಲೇ ಇರತೊಡಗಿತು. ಆಟಕ್ಕೆ ತೆಗೆಯುವಾಗ ಕಣ್ಣಿಗೊತ್ತಿಕೊಂಡು ತೆಗೆಯಬೇಕು.

ಹಬ್ಬ ಮುಗಿದ ಮೂರನೇ ದಿನ ಶಾಂತಕ್ಕ ಮೀರಜ್ ಮುಟ್ಟಿದಳು. ಮೊದಲನೇ ಸಲಕ್ಕೇ ಆರೂ ಕವಡೆ ಕವುಚಿ ಬಿದ್ದವು. ಏಳು ಪೆಟ್ಟಿಗೆ ಸಮೇತ ದೊಡ್ಡ ಗಾಡಿ ಹತ್ತಿ, ಐದು ದಿನದಲ್ಲಿ ಕಾಶಿ ಸೇರಿ, ಮನೆಮನೆಗೂ ಸಕ್ಕರೆ ಹಂಚಿದಳು. ದೇವರು ಹೊಟ್ಟೆಕಿಚ್ಚಿನವರ ಕೈಬರಹವನ್ನು ಹೀಗೇ ಓದುತ್ತಾನೆ.

ಅವಳ ಹಿಂದೆ ಮೀರಜ್‌ನಲ್ಲಿ ಇಳಿದವರು ನಮ್ಮತ್ತೆ.

ಮೊದಲ ದಿನ ಮೂರು, ನಾಲ್ಕು, ಎರಡು ಬಿತ್ತು. ನಕ್ಕರು. ಎರಡನೇ ದಿನ ಐದು, ಮೂರು, ಮೂರು. ಕವಡೆ ಒರೆಸಿ ಇಟ್ಟರು. ಮೂರನೇ ದಿನ ಸಂಜೆ ಒಳಗಿಂದ ತಮ್ಮ ಕೌದಿ ತಂದು ಜಗಲಿಯ ಕಲ್ಲಿನ ಮೇಲೆ ಹಾಸಿದರು.

“ಯಾಕ್ರಿ ಅತ್ತೆ, ಒಳಗೆ ಸೆಕೆ ಆಗ್ತದೇನು?”

“ಸ್ಟೇಷನ್ನಿನಾಗೆ ಗಾಡಿ ಕಾಯೋರು ಮಂಚದ ಮ್ಯಾಲೆ ಮಲಗ್ತಾರೇನೆ?”

ನಾನು ತಮಾಷೆ ಎಂದುಕೊಂಡೆ. ರಾತ್ರಿಯ ಊಟಕ್ಕೆ ಬಿಸಿ ರೊಟ್ಟಿ ತಂದಿಟ್ಟರೆ ತಟ್ಟೆ ಸರಿಸಿದರು. “ಮೀರಜ್‌ನಾಗೆ ಬಿಸಿ ರೊಟ್ಟಿ ಬಡಿದು ಕೊಡಾಕೆ ಯಾರದಾರೆ ನನಗೆ? ಬುತ್ತಿ ಇದ್ರೆ ಕೊಡು.” ಅಂದಿನಿಂದ ಒಣಗಿಸಿಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಂಡಕ್ಕಿ. ಕಾಶಿ ಯಾತ್ರೆಯೆಂದ ಮೇಲೆ ಯಾತ್ರೆಯ ನೇಮ ಇರಬೇಕು, ಇಲ್ಲದಿದ್ದರೆ ಅದು ಬರೀ ಕವಡೆಯಾಟ, ಪುಣ್ಯ ಬರುವುದಿಲ್ಲ ಎಂಬುದು ಅವರ ಲೆಕ್ಕ.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಹೋಗಿ, “ಅತ್ತೆ, ಸಾರಿಗೆ ಯಾವ ಬೇಳೆ ಹಾಕ್ಲಿ?” ಅಂದೆ.

ಅವರು ನನ್ನನ್ನು ಬಹಳ ದೂರದಿಂದ ನೋಡಿದರು. “ನಾನು ಮೀರಜ್‌ನಾಗೆ ಅದೀನಿ. ನನ್ನೇನು ಕೇಳ್ತಿ?”

“ಉಗ್ರಾಣದ ಕೀಲಿ ನಿಮ್ಮತ್ರ ಐತಲ್ರಿ.”

ಅವರು ಸೊಂಟ ಮುಟ್ಟಿ ನೋಡಿಕೊಂಡರು. ತಪ್ಪಾಯಿತೆಂದು ನಾಲಿಗೆ ಕಚ್ಚಿಕೊಂಡರು. “ಊರಿಗೆ ಹೋಗೋರು ಉಗ್ರಾಣದ ಕೀಲಿ ಕಟ್ಕೊಂಡು ಹೋಗ್ತಾರೇನು? ತಗೋ.” ಕೀಲಿಗೊಂಚಲು ನನ್ನ ಅಂಗೈಗೆ ಬಿತ್ತು. ಮೂರು ವರ್ಷದಲ್ಲಿ ಮೊದಲ ಸಲ.

ಆ ದಿನ ನಾನು ಸಾರಿಗೆ ಎರಡು ಥರ ಬೇಳೆ ಹಾಕಿದೆ. ಬೇಕಂತಲೇ.

ಸಂಜೆ ಮನೆಯವರು ಮಿಲ್ಲಿನಿಂದ ಬಂದು ಜಗಲಿ ಹತ್ತುತ್ತ, “ಊಟ ಆತೇನವ್ವಾ?” ಅಂದರು. ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ, “ಯಾವೂರಪ್ಪ ನಿಂದು?” ಎಂದು ಕೇಳಿದರು. ಅವರು ಬೆಚ್ಚಿ ನನ್ನ ಕಡೆ ತಿರುಗಿದರು. ನಾನು ಒಳಗೆ ಕರೆದು ವಿಷಯ ಹೇಳಿದೆ. ಅವರದು ಮಾತು ಕಡಿಮೆ, ಯೋಚನೆ ಹೆಚ್ಚು. ತಲೆ ಕೆರೆದುಕೊಂಡು, “ವೈದ್ಯರಿಗೆ ತೋರ್ಸೋಣೇನು?” ಅಂದರು. “ಬುದ್ಧಿ ಸರಿಯಾಗೇ ಐತ್ರಿ. ರೂಲು ಹಂಗೈತೆ” ಅಂದೆ. ಮರುದಿನ ಬೆಳಿಗ್ಗೆ ನೋಡುತ್ತೇನೆ, ಆ ಮನುಷ್ಯ ಲೋಟದಲ್ಲಿ ಚಹಾ ಹಿಡಿದು ಜಗಲಿಯ ಆ ತುದಿಯಿಂದ ಈ ತುದಿಗೆ “ಚಾಯ್, ಗರಂ ಚಾಯ್” ಎಂದು ಕೂಗುತ್ತ ನಡೆಯುತ್ತಿದ್ದಾರೆ. ಅತ್ತೆ ಸೆರಗಿನ ತುದಿಯಿಂದ ಲೋಟ ಹಿಡಿದು ಕುಡಿದರು. “ನಮ್ಮೂರಿಗಿಂತ ನೀರು ನೀರು” ಅಂದರು.

ಎಂಟನೇ ದಿನ ಹರಿಹರದಿಂದ ಅಳಿಯಂದಿರು ಬಂದರು. ಅತ್ತೆಯ ಮಗಳು ನಾಗರತ್ನಳಿಗೆ ಎರಡು ಗಂಡಿನ ಮೇಲೆ ಹೆಣ್ಣು ಹುಟ್ಟಿತ್ತು. ಮೂರನೇ ಹೆರಿಗೆಯಾದ್ದರಿಂದ ಅಲ್ಲೇ ಆಯಿತು; ಅತ್ತೆ ಆಟಕ್ಕೆ ಮುಂಚೆಯೇ ಹೋಗಿ ಒಂದು ವಾರ ಇದ್ದು ಬಂದಿದ್ದರು. ಈಗ ತೊಟ್ಟಿಲಿಗೆ ಹಾಕುವ ಕಾರ್ಯ. ಬರುವ ಸೋಮವಾರ, ಮೂರು ಗಂಟೆಯೊಳಗೆ. ಮಗುವನ್ನು ಮೊದಲು ತೊಟ್ಟಿಲಿಗೆ ಹಾಕುವ ಕೈ ತಾಯಿಯ ತಾಯಿಯದ್ದೇ ಆಗಬೇಕು.

ಅತ್ತೆ ಕೌದಿಯ ಮೇಲೆ ಕೂತೇ ಕುಂಕುಮ ಹಚ್ಚಿಸಿಕೊಂಡರು. ಕಣ್ಣಲ್ಲಿ ನೀರು ಬಂತು. ಆಮೇಲೆ ಅಂದರು, “ಭಾಳ ಸಂತೋಷ ಆತಪ್ಪ. ಆದ್ರೆ ನಾನು ಊರಾಗಿಲ್ಲ.”

“ಎಲ್ಲಿಗೆ ಹೊಂಟೀರಿ?” ಅಂದರು ಅಳಿಯಂದಿರು.

“ಹೊಂಟಿಲ್ಲ. ಹೋಗಿ ಎಂಟು ದಿನ ಆತು.”

ಪಾಪ, ಆ ಮನುಷ್ಯ ತಂದಿದ್ದ ಬುಟ್ಟಿ ಕೆಳಗಿಟ್ಟು ಕೈಮುಗಿದು, ಏನಾದರೂ ತಪ್ಪಾಗಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕೆಂದರು. ಕಳೆದ ಸಲ ಸೀರೆಯ ಬಣ್ಣ ಹಿಡಿಸಲಿಲ್ಲವೇ ಎಂದರು. ನಾನು ನೋಟುಬುಕ್ಕು ತಂದು ತೋರಿಸಿದೆ. ಒಂಬತ್ತನೆಯದು, ಮೂವತ್ತೆಂಟನೆಯದು. ಓದಿದರು, ನನ್ನ ಮುಖ ನೋಡಿದರು, ಬಿಸಿಲಿನಲ್ಲಿ ಬಸ್ಸಿಗೆ ಹೋದರು. ಮರುದಿನವೇ ನಾಗರತ್ನ ಹೇಳಿಕಳಿಸಿದಳು: ‘ಅವ್ವ ಬಂದು ಹಾಕೋವರೆಗೂ ನನ್ನ ಮಗಳು ತೊಟ್ಟಿಲು ಹತ್ತಲ್ಲ. ಅವ್ವ ಬರದಿದ್ರೆ ನಾನು ಮತ್ತೆ ಆ ಮನಿ ಹೊಸ್ತಿಲು ತುಳಿಯಲ್ಲ.’

ನಾಗರತ್ನ ಆಡಿದರೆ ಆಡಿದ್ದೇ. ಅವ್ವನ ಮಗಳಲ್ಲವೇ?

ಉಳಿದದ್ದು ಮೂರು ದಿನ, ಅಂದರೆ ಒಂಬತ್ತು ಸಲ ಕವಡೆ. ಮನೆಯವರು ಹರಿಹರೇಶ್ವರನಿಗೆ ತುಪ್ಪದ ದೀಪ ಹೇಳಿಕೊಂಡರು. ನಾನೂ ಹೇಳಿಕೊಂಡೆ, ಆದರೆ ನಿಜ ಹೇಳುತ್ತೇನೆ, ಹೇಳಿಕೊಳ್ಳುವಾಗ ಸೊಂಟದ ಕೀಲಿ ತಣ್ಣಗೆ ತಾಗುತ್ತಿತ್ತು. ಶುಕ್ರವಾರ ನಾಲ್ಕು, ಒಂದು, ಐದು. ಶನಿವಾರ ಮೂರು, ಮೂರು, ಮತ್ತೂ ಮೂರು. ರಾತ್ರಿ ಕಟಕ ರೊಟ್ಟಿಯನ್ನೂ ಬಿಟ್ಟು ಬರೀ ನೀರು ಕುಡಿದರು.

“ಅತ್ತೆ, ಇದು ಆಟ ಕಣ್ರಿ” ಅಂದೆ.

“ಆಟ ಆದ್ರೆ ದೇವರ ಮಾಡದಾಗೆ ಯಾಕ ಇಟ್ಟೀವಿ?” ಅಂದರು.

ಭಾನುವಾರ ಬೆಳಿಗ್ಗೆ ನಾನೊಂದು ಪಾಪ ಮಾಡಿದೆ. ಅತ್ತೆಗೆ ಓದು ಬರದು. ನೋಟುಬುಕ್ಕು ಕಣ್ಣಿಗೊತ್ತಿಕೊಂಡು ತೆರೆದು, ಕೊನೆಯ ಹಾಳೆಯ ಮೇಲೆ ಬೆರಳಿಟ್ಟು, ಇಲ್ಲದ್ದನ್ನು ಗಟ್ಟಿಯಾಗಿ ಓದಿದೆ. “ಮೀರಜ್‌ನಲ್ಲಿ ಹತ್ತು ದಿನ ಕಾದವರನ್ನು ಸ್ಟೇಷನ್ ಮಾಸ್ತರರು ದಯಮಾಡಿ ಬಿಟ್ಟು ಕಳಿಸತಕ್ಕದ್ದು.”

ಅತ್ತೆ ಕೊನೆಯವರೆಗೂ ಕೇಳಿದರು. ಆಮೇಲೆ ಕಣ್ಣು ಮುಚ್ಚಿ, ವಚನ ಹೇಳಿದ ಹಾಗೆ, ಮೊದಲನೆಯದರಿಂದ ಶುರು ಮಾಡಿದರು. ಒಂದೂ ಬಿಡದೆ ನಲವತ್ತೊಂದನ್ನೂ ಹೇಳಿ ಮುಗಿಸಿ ಕಣ್ಣು ತೆರೆದರು.

“ನೀ ಓದಿದ್ದು ಎಷ್ಟನೇದು?”

ನೆಲ ಬಿರಿಯಬಾರದೇ ಅನ್ನಿಸಿತು. ಒಳಗೆ ಹೋಗಿ ನೂರೆಂಟು ಸಲ ಶಿವನಾಮ ಹೇಳಲು ಕೂತೆ. ನೂರರ ಹೊತ್ತಿಗೆ ಜುಬೇದಕ್ಕ ಕೋಟು ಹಾಕಿಕೊಂಡು ಬಂದರು. ನಡೆದದ್ದನ್ನೆಲ್ಲ ಕೇಳಿದರು. ಅವರಿಗೆ ನಮ್ಮ ಪೂಜೆಯ ಭಯವಿಲ್ಲ, ಆದರೆ ಬರೆದದ್ದರ ಮರ್ಯಾದೆ ಚೆನ್ನಾಗಿ ಗೊತ್ತು.

“ಅಮ್ಮಾ, ಪೂಜೆ ಆದ ಪುಸ್ತಕದಾಗೆ ಅಳಿಸಬಾರದು, ಅಷ್ಟೇ. ಸೇರಿಸಬಾರದು ಅಂತ ಯಾರು ಹೇಳ್ಯಾರೆ?”

ಅತ್ತೆ ಯೋಚಿಸಿದರು. “ಹೇಳಿಲ್ಲ.”

“ಮತ್ತೆ? ಮಿಲ್ಲಿನಾಗೆ ರಜಾ ಕೊಡ್ತಾರೆ, ಸ್ಕೂಲಿನಾಗೆ ಕೊಡ್ತಾರೆ. ಯಾತ್ರೆಯಾಗೆ ಯಾಕ ಇರಬಾರದು? ಅರ್ಜಿ ಹಾಕ್ರಿ. ನಾ ಟೀಸಿ, ನಾ ಮಂಜೂರು ಮಾಡ್ತೀನಿ.”

ಇಷ್ಟು ಸಣ್ಣ ಉಪಾಯ ಹತ್ತು ದಿನ ನನ್ನ ತಲೆಗೆ ಯಾಕೆ ಹೊಳೆಯಲಿಲ್ಲ? ಕಾರಣ ನನಗೆ ಗೊತ್ತಿತ್ತು. ಅದು ನನ್ನ ಸೊಂಟದಲ್ಲೇ ಇತ್ತು.

ಅತ್ತೆ ಹೇಳಿದರು, ನಾನು ನಲವತ್ತೆರಡನೆಯದಾಗಿ ಬರೆದೆ. ‘ಮನೆಯಲ್ಲಿ ಶುಭಕಾರ್ಯವಿದ್ದರೆ ಎರಡು ದಿನ ರಜೆ. ಗಾಡಿಯಲ್ಲೇ ಹೋಗಿ ಗಾಡಿಯಲ್ಲೇ ಬರತಕ್ಕದ್ದು. ಒಂಬತ್ತನೆಯದಕ್ಕೆ ಧಕ್ಕೆ ಬರಬಾರದು.’ ಜುಬೇದಕ್ಕ ಉರ್ದುವಿನಲ್ಲಿ ರುಜು ಹಾಕಿದರು. ಅತ್ತೆ ವಿಭೂತಿ ಹಚ್ಚಿದರು. ಎಲ್ಲ ಸುಸೂತ್ರವಾಯಿತೆಂದುಕೊಂಡೆ. ಕೊನೆಯ ಸಾಲಿನ ಮೇಲೆ ನನ್ನ ಲಕ್ಷ್ಯ ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಅತ್ತೆ, ನಾನು, ಜುಬೇದಕ್ಕ ಸ್ಟೇಷನ್ನಿಗೆ ಹೊರಟೆವು. ಮನೆಯವರು ತೊಟ್ಟಿಲ ಸಾಮಾನು ಹೊತ್ತುಕೊಂಡು ನಸುಕಿನಲ್ಲೇ ಬಸ್ಸಿಗೆ ಹೋಗಿದ್ದರು. ಜಗಲಿ ಇಳಿಯುವಾಗ ಅತ್ತೆ ಸೆರಗನ್ನು ಗದ್ದದವರೆಗೆ ಎಳೆದುಕೊಂಡರು. ಒಂಬತ್ತನೆಯದರ ಪ್ರಕಾರ ಊರಿಗೆ ಹಿಂದಿರುಗಬಾರದು. ಆದ್ದರಿಂದ ಅವರು ದಾವಣಗೆರೆಯನ್ನು ನೋಡುವಂತಿಲ್ಲ. ನಾವಿಬ್ಬರೂ ಅವರ ಎರಡು ಕೈ ಹಿಡಿದು ನಡೆಸಿಕೊಂಡು ಹೋದೆವು. ದಾರಿಯಲ್ಲಿ ಮಂಡಕ್ಕಿ ಭಟ್ಟಿಯ ಗೌರಮ್ಮ, “ಏನ್ ಹಾಲವ್ವಕ್ಕ, ಕಣ್ಣು ಬ್ಯಾನೆಯೇನು?” ಎಂದು ಕೂಗಿದಳು. ಅತ್ತೆ ಸೆರಗನ್ನು ಇನ್ನಷ್ಟು ಎಳೆದುಕೊಂಡರು.

“ಅವರು ಊರಾಗಿಲ್ಲ ಗೌರಮ್ಮ” ಅಂದೆ ನಾನು.

ಗೌರಮ್ಮ ಮೊರ ಕೆಳಗಿಟ್ಟಳು.

ಹರಿಹರಕ್ಕೆ ಟಿಕೆಟ್ಟು ತೆಗೆದು ಪ್ಯಾಸೆಂಜರ್ ಗಾಡಿ ಹತ್ತಿದೆವು. ಅರ್ಧ ಗಂಟೆಯೂ ಆಗದು, ಹರಿಹರ ಬಂದೇಬಿಟ್ಟಿತು. ಪ್ಲಾಟ್‌ಫಾರ್ಮಿನಲ್ಲಿ ಅಳಿಯಂದಿರು, ಅವರ ತಮ್ಮ, ನಮ್ಮ ಮನೆಯವರು ನಿಂತಿದ್ದಾರೆ. ಅಳಿಯಂದಿರು ನಮ್ಮನ್ನು ಕಂಡು ಮುಖ ಅರಳಿಸಿ ಓಡಿಬಂದರು. ನಾನು ಚೀಲ ಎತ್ತಿಕೊಂಡೆ. ಅತ್ತೆ ಏಳಲಿಲ್ಲ.

“ಇಳೀರಿ ಅತ್ತೆ, ಹರಿಹರ.”

“ಗೊತ್ತೈತೆ. ಇದು ಹೋಗೋ ಗಾಡಿ. ಮೀರಜ್‌ನಿಂದ ಬರೋಳು ಹೋಗೋ ಗಾಡಿಯಾಗೆ ಹೆಂಗೆ ಇಳೀಲಿ? ಹೊಳಿ ಆ ಕಡೆಯಿಂದ ದಾಟಿ ಬರಬೇಕು ನಾನು.”

ತುಂಗಭದ್ರೆ ಹರಿಹರದ ಆಚೆಗಿದೆ. ಮೀರಜ್ ಕಡೆಯಿಂದ ಬರುವ ಗಾಡಿ ಸೇತುವೆ ದಾಟಿಯೇ ಹರಿಹರಕ್ಕೆ ಬರಬೇಕು. ಮಾತು ಸರಿಯೇ. ಅದರಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ. ಜುಬೇದಕ್ಕನ ಮುಖ ನೋಡಿದೆ. ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, “ಕಾಯ್ದೆ ಪ್ರಕಾರ ಅಮ್ಮಾ ಹೇಳೋದೇ ಸರಿ” ಅಂದರು. ಗಾಡಿ ಸೀಟಿ ಹಾಕಿತು. ಅಳಿಯಂದಿರು ಕಿಟಕಿಯ ಕಂಬಿ ಹಿಡಿದು, “ಇಳೀರಿ! ಇಳೀರಿ! ಕೂಸು ಕಾಯಾಕತ್ತೈತೆ!” ಎಂದು ಜೊತೆಗೇ ಓಡಿದರು.

“ಬರ್ತೀನಪ್ಪಾ, ವಾಪಸ್ ಗಾಡಿಗೆ” ಎಂದು ಅತ್ತೆ ಸಮಾಧಾನ ಹೇಳಿದರು. ನಮ್ಮ ಮನೆಯವರು ಮಾತ್ರ ಓಡಲಿಲ್ಲ. ನಿಂತಲ್ಲೇ ನಿಂತು ಕೈಯಲ್ಲಿದ್ದ ಬ್ಯಾಗು ತಲೆಯ ಮೇಲಿಟ್ಟುಕೊಂಡರು.

ಸೇತುವೆ ದಾಟುವಷ್ಟರಲ್ಲಿ ನಿಜವಾದ ಟೀಸಿ ಬಂದರು. ನಮ್ಮ ಟಿಕೆಟ್ಟು ಹರಿಹರಕ್ಕೇ ಮುಗಿದಿತ್ತು. ನನ್ನ ತೌರಿನಲ್ಲೂ ಗಂಡನ ಮನೆಯಲ್ಲೂ ಟಿಕೆಟ್ಟಿಲ್ಲದೆ ಗಾಡಿಯಲ್ಲಿ ಕೂತವರಿಲ್ಲ. ನನಗೆ ಅಳುವೇ ಬಂತು. ಜುಬೇದಕ್ಕ ಎದ್ದು ನಿಂತು, “ನಾನೂ ಟೀಸೀನೇ ಸಾಹೇಬ್ರೆ” ಎಂದು ಪೂರ್ತಿ ಕಥೆ ಹೇಳಿದರು. ಆ ಮನುಷ್ಯ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಹಾಗೇ ನಿಂತರು.

“ಮೀರಜ್‌ನಾಗೆ ಎಷ್ಟು ದಿನ ಆತಮ್ಮ?”

“ಹನ್ನೆರಡು” ಅಂದರು ಅತ್ತೆ.

“ಹುಬ್ಬಳ್ಳಿ ಸೆಕ್ಷನ್ನಿನಾಗೆ ನಾನು ಹದಿನಾಲ್ಕು ವರ್ಷದಿಂದ ಅದೀನಿ. ನನಗೂ ಹನ್ನೆರಡು ಬಿದ್ದಿಲ್ಲ” ಎಂದು ರಾಣೆಬೆನ್ನೂರಿನವರೆಗೆ ರಸೀತಿ ಹರಿದು ಕೊಟ್ಟು, “ವಾಪಸ್ ಗಾಡಿ ಇವತ್ತು ತಡ” ಎಂದು ಎಚ್ಚರಿಸಿ ಹೋದರು. ಗದರದೆ ಬಿಟ್ಟದ್ದು ದೇವರ ದಯೆ.

ತಡವೆಂದರೆ ತಡವೇ. ರಾಣೆಬೆನ್ನೂರಿನ ಕಲ್ಲುಬೆಂಚಿನ ಮೇಲೆ ಹನ್ನೊಂದಾಯಿತು, ಒಂದಾಯಿತು. ನಾನು ಗಡಿಯಾರ ನೋಡುತ್ತ ಹರಿಹರದಲ್ಲಿ ಮುಖ ಉಬ್ಬಿಸಿಕೊಂಡಿರುವ ನಾಗರತ್ನಳನ್ನು, ನೆಲದ ಮೇಲೆ ಮಲಗಿರುವ ಕೂಸನ್ನು ನೆನೆದು ಬೇಯುತ್ತಿದ್ದೆ. ಜುಬೇದಕ್ಕ ಕೋಟು ಹೊದ್ದು ನಿದ್ದೆ ಹೋದರು. ಅತ್ತೆ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ನೋಡಿದರು.

“ನಮ್ಮ ಮೀರಜ್ ಇದಕ್ಕಿಂತ ಚಲೋ ಐತೆ.”

ಅವರು ಮುಂದುವರಿಸಿದರು, ನನಗಲ್ಲ, ಹಳಿಗೆ ಹೇಳುವಂತೆ.

“ಹದ್ನಾಲ್ಕಕ್ಕೆ ಈ ಮನಿಗೆ ಬಂದೆ. ಮಗಳ ಬಾಣಂತನಕ್ಕೆ ಹೋದ್ರೂ ತಲೆಯಾಗೆ ಇದೇ ಮನಿ. ಹಿಟ್ಟು ಮುಗೀತೇನೋ, ಬೆಕ್ಕು ಹಾಲು ಕುಡೀತೇನೋ. ಮೀರಜ್‌ನಾಗೆ ಯಾರೂ ಏನೂ ಕೇಳ್ತಿರಲಿಲ್ಲ ನೋಡು. ಸುಮ್ನೆ ಕೂತಿದ್ದೆ. ಬೇಳೆ ಮುಗೀತೋ ಬಿಡ್ತೋ, ಆ ಊರೋರು ನೋಡ್ಕೋತಾರೆ ಅಂತ.” ಆಮೇಲೆ, “ಸಾರಿಗೆ ಎರಡು ಬೇಳೆ ಹಾಕ್ತಿದ್ದೆಲ್ಲ, ವಾಸನೆ ಬರ್ತಿತ್ತು. ಚಲೋ ಇತ್ತು” ಅಂದರು.

ನಾನು ಸೊಂಟದ ಕೀಲಿಯನ್ನು ಸೆರಗಿನೊಳಗೆ ಸರಿಸಿಕೊಂಡೆ. ಅಷ್ಟರಲ್ಲಿ ಗಾಡಿ ಬಂತು, ಒಳ್ಳೆಯದಾಯಿತು.

ಸೇತುವೆಯ ಮೇಲೆ ಅತ್ತೆ ಎದ್ದು ನಿಂತು ಹೊಳೆಗೆ ಕೈಮುಗಿದರು. ಹರಿಹರದಲ್ಲಿ ಇಳಿದು, ಟಾಂಗಾದಲ್ಲಿ ಕುಲುಕಾಡಿಕೊಂಡು ಹೋಗಿ ಹೊಸ್ತಿಲು ಮೆಟ್ಟಿದಾಗ ಮೂರಕ್ಕೆ ಹತ್ತು ನಿಮಿಷ. ಮನೆ ತುಂಬ ಹೆಂಗಸರು, ನಡುವೆ ಖಾಲಿ ತೊಟ್ಟಿಲು. ನಾಗರತ್ನ ಕೂಸನ್ನು ಅವುಚಿಕೊಂಡು ಕೂತಿದ್ದಳು. ಅತ್ತು ಅತ್ತು ಇಬ್ಬರ ಮುಖವೂ ಕೆಂಪು.

“ಅವ್ವಾ, ನಿನ್ನ ಆ ಹಾಳಾದ ಆಟ ನನ್ನ ಮಗಳಿಗಿಂತ ಹೆಚ್ಚಾತೇನು?”

“ಹೆಚ್ಚಾಗಿದ್ರೆ ರಜಾ ಹಾಕಿ ಬರ್ತಿದ್ನೇನೆ, ಹುಚ್ಚಿ? ಕೊಡಿಲ್ಲಿ.”

ಕೂಸು ಕೈ ಬದಲಾಯಿತು. ಅತ್ತೆ ಅದರ ಕಿವಿಯಲ್ಲಿ ಹೆಸರು ಹೇಳಿ, ಹಣೆಗೆ ವಿಭೂತಿ ಇಟ್ಟು, ತೊಟ್ಟಿಲಿಗೆ ಹಾಕಿದರು. ಅದು ತಕ್ಷಣ ಅಳು ನಿಲ್ಲಿಸಿತು ಎಂದು ಬರೆದರೆ ಚೆನ್ನ. ಆದರೆ ಸುಳ್ಳು ಒಂದು ಸಲ ಹೇಳಿ ಸಾಕಾಗಿದೆ. ಅದು ಮತ್ತೂ ಜೋರಾಗಿ ಅತ್ತಿತು. ಅದರ ಅಳುವಿನ ಮೇಲೆಯೇ ಜೋಗುಳ ಹೇಳಿದೆವು. ಜುಬೇದಕ್ಕನ ದನಿಯೇ ಎಲ್ಲರಿಗಿಂತ ಮೇಲಿತ್ತು.

ಮರುದಿನ ಮತ್ತೆ ರಾಣೆಬೆನ್ನೂರಿಗೆ ಹೋಗಿ ಇಳಿಯಬೇಕಾಯಿತು, ಯಾಕೆಂದರೆ ಮೀರಜ್‌ಗೆ ಹಿಂದಿರುಗುವವರು ಆ ಕಡೆಗೇ ಹೋಗಬೇಕು. ಅಲ್ಲಿಂದ ಗಾಡಿಯಲ್ಲಿ ದಾವಣಗೆರೆಗೆ, ಸ್ಟೇಷನ್ನಿನಿಂದ ಸೆರಗು ಮುಚ್ಚಿಕೊಂಡು ಜಗಲಿಗೆ. ಕೌದಿಯ ಮೇಲೆ ಕೂತ ಮೇಲೆಯೇ ಅವರು ಮುಖ ತೆರೆದದ್ದು. ಅಡುಗೆಮನೆಯ ಕಡೆ ತಿರುಗಿಯೂ ನೋಡಲಿಲ್ಲ. ನಾನು ಒಳಗೆ ಹೋಗಿ ಉಗ್ರಾಣದ ಬೀಗ ತೆಗೆದೆ.

ಆಮೇಲೆ ಹನ್ನೆರಡು ಬೀಳಲಿ ಎಂದು ನಾನು ದೇವರಲ್ಲಿ ಬೇಡಿಕೊಳ್ಳಲಿಲ್ಲ. ಬೀಳದಿರಲಿ ಎಂದೂ ಬೇಡಿಕೊಳ್ಳಲಿಲ್ಲ. ಅಷ್ಟರ ಮಟ್ಟಿಗೆ ನಾನು ದೈವಭಕ್ತೆ. ಮನೆಯವರು ಬೆಳಿಗ್ಗೆ ಚಹಾ ಕೂಗುವುದನ್ನು ಮುಂದುವರಿಸಿದರು. ಅತ್ತೆ ನಮ್ಮ ನೀರು ಚಹಾವನ್ನೂ, ಬರಬರುತ್ತಾ ಬಿಸಿ ರೊಟ್ಟಿಯನ್ನೂ ಒಪ್ಪಿಕೊಂಡರು. ಮೀರಜ್‌ನಲ್ಲಿ ಪರಿಚಯದವರು ಸಿಕ್ಕಿದ್ದಾರೆ, ತಂದುಕೊಡುತ್ತಾರೆ, ಅಂದರು.

ಅದರ ಮುಂದಿನ ವಾರ, ಒಂದು ಮಧ್ಯಾಹ್ನ, ಅತ್ತೆ ಕವಡೆ ಕುಲುಕಿ ಬಿಟ್ಟರು. ಆರೂ ಉರುಳಿ ನಿಂತವು. ಆರೂ ಕವುಚಿ. ಆಮೆಮರಿಗಳ ಹಾಗೆ, ಬೆನ್ನು ಮೇಲೆ ಮಾಡಿ, ಒಂದರ ಪಕ್ಕ ಒಂದು.

ನಾನು ಅತ್ತೆಯ ಮುಖ ನೋಡಿದೆ. ಅವರು ಕವಡೆಗಳನ್ನು ಬಹಳ ಹೊತ್ತು ನೋಡಿದರು. ಆ ಮೇಲೆ, ಜನ್ಮದಲ್ಲಿ ಸುಳ್ಳಾಡದ ನಮ್ಮತ್ತೆ, ತುದಿಯ ಕವಡೆಗೆ ಬೆರಳು ತೋರಿಸಿ ಮೆಲ್ಲಗೆ ಅಂದರು, “ಇದು ಒರಗಿ ನಿಂತೈತೆ. ಲೆಕ್ಕಕ್ಕಿಲ್ಲ.”

ನಾನು ಬಗ್ಗಿ ನೋಡಿದೆ. ಕವಡೆ ನೆಲಕ್ಕೆ ಅಂಟಿದ ಹಾಗೆ ಮಟ್ಟಸವಾಗಿ ಕವುಚಿಕೊಂಡಿತ್ತು.

“ಹೌದ್ರಿ ಅತ್ತೆ” ಅಂದೆ. “ಒರಗೈತೆ.”

ಜುಬೇದಕ್ಕ ಕೋಟಿನ ಜೇಬಿಗೆ ಎರಡೂ ಕೈ ಇಳಿಸಿ, ಓಣಿಯ ತುದಿಯವರೆಗೆ ಒಮ್ಮೆ ನೋಡಿ ಬಂದರು.

“ಗಾಡಿ ಹೋತ್ರಿ ಅಮ್ಮಾ” ಅಂದರು. “ಕೂಡ್ರಿ, ನಾಳೆ ನೋಡಾಣ.”